ಕಿರಾಣಿ ಚೀಟಿಯ ಹದಿನಾಲ್ಕು ಹೆಸರು

“ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಹಿಟ್ಟಿನ, ಉಪ್ಪಿನ, ಬದನಿಕಾಯಿ...”

ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದ ಸತ್ಯಭಾಮಕ್ಕ ಅರ್ಧಕ್ಕೇ ನಿಲ್ಲಿಸಿ ಕನ್ನಡಕವನ್ನು ಹಣೆಗೇರಿಸಿದರು. ಡೊಂಬಿವಲಿಯ ಆ ಟ್ರಸ್ಟ್ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ.

“ಇದನ್ನು ನೋಡಿ ನಿಮ್ಮ ದೊಡ್ಡ ಡಾಕ್ಟ್ರು ಎಂತ ಹೇಳಿದ್ರು?”

“ಇದು ಆಡಿಟ್ ಅಲ್ಲ, ಕಿರಾಣಿ ಚೀಟಿ ಅಂದ್ರು ಆಂಟಿ.” ಡಾಕ್ಟರ್ ಅಕ್ಷಯಾ ಸ್ಟೂಲಿನ ಮೇಲೆ ಕುಗ್ಗಿ ಕೂತಿದ್ದಳು. “ಕಮಿಟಿಯವರಿಗೆ ಒಂದೊಂದೇ ಹೆಸರು ಟ್ರಾನ್ಸ್‌ಲೇಟ್ ಮಾಡಿ ಹೇಳಿದ್ರು. ಕಾಂದಾ, ಮಿರ್ಚಿ, ಗೂಳ್... ಸಬ್ ಹಸ್ನೇ ಲಗೇ, ಎಲ್ರೂ ನಕ್ಬಿಟ್ರು.”

“ಅಳಬೇಡ ಮಾರಾಯ್ತಿ. ಅಳುದಕ್ಕೆ ನಾಲ್ಕು ಗಂಟೆಯ ಮೇಲೆ ಬೇಕಾದಷ್ಟು ಹೊತ್ತು ಉಂಟು. ಈಗ ಹನ್ನೆರಡೂವರೆ.”

ನಾಲ್ಕು ಗಂಟೆಗೆ ಕಮಿಟಿ ಕೂರಲಿತ್ತು. ಅಷ್ಟರೊಳಗೆ ಈ ಹದಿನಾಲ್ಕು ರೋಗಿಗಳು ನಿಜಕ್ಕೂ ಇದ್ದಾರೆಂದು ತೋರಿಸದಿದ್ದರೆ ಅಕ್ಷಯಾಳ ಮೂರು ವರ್ಷದ ತರಬೇತಿ ರದ್ದು. ಬರೀ ರದ್ದಲ್ಲ, ಸುಳ್ಳು ಲೆಕ್ಕ ಬರೆದವಳು ಎಂಬ ಷರಾ ಪರೀಕ್ಷಾ ಮಂಡಳಿಯವರೆಗೂ ಹೋಗುತ್ತಿತ್ತು. ಮತ್ತೆ ಯಾವ ಆಸ್ಪತ್ರೆಯೂ ಅವಳನ್ನು ಬಾಗಿಲೊಳಗೆ ಬಿಡುವಂತಿರಲಿಲ್ಲ.

ಸತ್ಯಭಾಮಕ್ಕ ಅವಳ ಪಕ್ಕದ ಫ್ಲ್ಯಾಟಿನವರು. ಕಲ್ಯಾಣದ ಮುನ್ಸಿಪಲ್ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತರಾದವರು. ಕಳೆದುಹೋದ ಕಾಗದ, ಕಳೆದುಹೋದ ಮನುಷ್ಯರು, ಎರಡನ್ನೂ ಹುಡುಕಿಕೊಡುವವರು ಎಂದು ಸ್ಟೇಷನ್ನಿನ ಆ ಬದಿಗೂ ಈ ಬದಿಗೂ ಹೆಸರಾಗಿದ್ದರು.

“ಇನ್ನೊಂದು ಸಲ ಹೇಳು. ನಂಗೆ ಅರ್ಥ ಆಗುವ ಹಾಗೆ ಹೇಳು. ಈ ಆಡಿಟ್ ಅಂದ್ರೆ ಎಂತ?”

ಅಕ್ಷಯಾ ಮೂಗೊರೆಸಿಕೊಂಡು ಹೇಳಿದಳು. ಫ್ಯಾಮಿಲಿ ಡಾಕ್ಟರ್ ಆಗಲು ಕಲಿಯುವವರು ತಮ್ಮ ದಿನದ ಕೆಲಸದಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದು ನಿಜಕ್ಕೂ ಎಷ್ಟು ನಡೆಯುತ್ತಿದೆ ಎಂದು ಎಣಿಸಬೇಕು. ಕೊರತೆ ಇದ್ದಲ್ಲಿ ಸರಿಮಾಡಿ ಮತ್ತೆ ಎಣಿಸಬೇಕು. ತನ್ನ ತಪ್ಪನ್ನು ತಾನೇ ಎಣಿಸಿಕೊಳ್ಳಬಲ್ಲವನೇ ಡಾಕ್ಟರ್ ಎನ್ನುವುದು ದೊಡ್ಡ ಡಾಕ್ಟರರ ಮಾತು.

ಅಕ್ಷಯಾ ಆರಿಸಿಕೊಂಡಿದ್ದು ಸಕ್ಕರೆ ಕಾಯಿಲೆಯವರ ಪಾದ. ಆ ಕಾಯಿಲೆಯಲ್ಲಿ ಪಾದ ಜೋಮು ಹಿಡಿಯುತ್ತದೆ, ಗಾಯವಾದರೂ ತಿಳಿಯುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಚಪ್ಪಲಿ ಬಿಚ್ಚಿಸಿ ನೋಡಬೇಕು. ಮೊದಲ ಎಣಿಕೆಯಲ್ಲಿ ಅರವತ್ತು ಜನರಲ್ಲಿ ಪಾದ ನೋಡಿಸಿಕೊಂಡವರು ಹನ್ನೆರಡೇ ಮಂದಿ. ಅವಳು ಬಾಗಿಲ ಹೊರಗೆ ಒಂದು ಬೆಂಚು ಹಾಕಿಸಿ, ಎಲ್ಲರೂ ಚಪ್ಪಲಿ ಕಳಚಿಯೇ ಒಳಗೆ ಬರುವಂತೆ ಮಾಡಿದಳು. ಎರಡನೇ ಎಣಿಕೆಯಲ್ಲಿ ಐವತ್ತೊಂದು.

“ಹನ್ನೆರಡರಿಂದ ಐವತ್ತೊಂದಕ್ಕೆ ಇಷ್ಟು ಬೇಗ ಹಾರುತ್ತಾ ಅಂತ ಸುಪ್ರೀತ್ ಸರ್ ಹತ್ರ ಹೋಗಿ ಕೇಳ್ದ. ನನ್ನ ಜೊತೆಯೇ ಕಲೀತಿರೋನು. ಸರ್ ಫೈಲ್ಸ್ ತೆಗೆಸಿ ನೋಡಿದ್ರೆ ಹದಿನಾಲ್ಕು ಸಿಗ್ಲೇ ಇಲ್ಲ. ಆಂಟಿ, ಉಸೀನೇ ಫೈಲ್ಸ್ ಗಾಯಬ್ ಕಿಯೇ ಹೋಂಗೇ.”

“ಅವನ ಮೇಲೆ ಕಣ್ಣಿಟ್ಟುಕೋ, ಆದ್ರೆ ಬಾಯಿ ಬಿಡಬೇಡ. ಕದಿಯುವವ ಹದಿನಾಲ್ಕು ಫೈಲು ಆರಿಸಿ ಆರಿಸಿ ತೆಗೀಬೇಕು. ಒಬ್ಬ ಪಾಟೀಲ್ ಇಲ್ಲ, ಒಬ್ಬ ಶೇಖ್ ಇಲ್ಲ. ಕಳೆದವರೆಲ್ಲ ಉತ್ತರ ಕರ್ನಾಟಕದವರೇ ಯಾಕೆ?”

ಫೈಲಿನ ನಂಬರು ಹಿಡಿದು ಹುಡುಕುವಂತಿರಲಿಲ್ಲ. ಜನವರಿಯಲ್ಲಿ ನಂಬರುಗಳೆಲ್ಲ ಹೊಸದಾಗಿದ್ದವು. ಹಳೆಯ ರಿಜಿಸ್ಟರು ಬೈಂಡಿಂಗಿಗೆ ಹೋಗಿತ್ತು. ಉಳಿದದ್ದು ಹೆಸರೊಂದೇ.

ಸತ್ಯಭಾಮಕ್ಕ ಎದ್ದು ಮುಂದಿನ ಕೌಂಟರಿಗೆ ಹೋದರು. ಅಲ್ಲಿ ಜಯಶೀಲ ಕೂತಿದ್ದ. ಕಾಪುವಿನ ಕಡೆಯವನು. ಹೊಸ ರೋಗಿಗಳ ಹೆಸರು ಬರೆಯುವುದು, ಫೈಲು ಕಟ್ಟುವುದು, ಹುಡುಕುವುದು ಎಲ್ಲ ಅವನೇ.

“ಅಕ್ಕ, ನಾನು ದೇವರಾಣೆ ಎಲ್ಲ ಹುಡುಕಿದ್ದೇನೆ. ಯು ಅಕ್ಷರದಲ್ಲಿ ಉಳ್ಳಾಗಡ್ಡಿ ಇಲ್ಲ, ಎಂ ಅಕ್ಷರದಲ್ಲಿ ಮೆಣಸಿನಕಾಯಿ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತರುದು?”

“ಅದು ಇರಲಿ. ನಂಗೊಂದು ಹೊಸ ಕಾರ್ಡ್ ಮಾಡಿಕೊಡು ನೋಡುವ. ನಾನು ಹೊಸ ಪೇಶಂಟ್ ಅಂತ ತಿಳ್ಕೋ. ಯಾದಗಿರಿಯವಳು. ಮರಾಠಿ ಬರುದಿಲ್ಲ.”

ಜಯಶೀಲ ನಕ್ಕು ಫಾರಂ ಎಳೆದುಕೊಂಡ. ಮರಾಠಿಯಲ್ಲಿ ಅಚ್ಚಾದ ಫಾರಂ. ಮೊದಲ ಮನೆಯಲ್ಲೇ ಆಡನಾವ, ಆಮೇಲೆ ಹೆಸರು, ಆಮೇಲೆ ತಂದೆಯ ಅಥವಾ ಗಂಡನ ಹೆಸರು.

“ಹೆಸರು?”

“ಸತ್ಯಭಾಮಾ.”

“ಗಂಡನ ಹೆಸರು?”

“ಗಣಪತಿ.”

“ಅಡ್ಡಹೆಸರು?”

“ಮೆಣಸಿನಕಾಯಿ.”

ಜಯಶೀಲನ ಪೆನ್ನು ನಿಂತಿತು. ಅವನು ತಲೆಯೆತ್ತಿ, ಪಾಪ ಎನ್ನುವ ಹಾಗೆ ನೋಡಿ, ಮೊದಲ ಮನೆಯಲ್ಲಿ ‘ಗಣಪತಿ’ ಎಂದು ಬರೆದ.

“ಯಾಕೆ ಮಾರಾಯ, ನಾನು ಹೇಳಿದ್ದು ಯಾಕೆ ಬರೆಯಲಿಲ್ಲ?”

“ಬರೆಯುದಾ ಅಕ್ಕ? ಊರಲ್ಲಿ ನಾಲ್ಕು ಜನ ತಮಾಷೆಗೆ ಕರೆದರೆ ಅದನ್ನು ಸರ್ಕಾರಿ ಕಾಗದದ ಹಾಗೆ ಇಲ್ಲಿ ಬರೆಯುದು ಚಂದವಾ? ನನ್ನನ್ನು ಶಾಲೆಯಲ್ಲಿ ‘ಬೂತಾಯಿ’ ಅಂತ ಮೀನಿನ ಹೆಸರಲ್ಲಿ ಕರೀತಿದ್ರು. ನಾನು ಬರೆಸ್ತೇನಾ? ಕಾಯಿಲೆಯವರು, ಕೂಲಿ ಮಾಡುವವರು. ಅವರಿಗೂ ಮರ್ಯಾದೆ ಉಂಟಲ್ವಾ? ಅದಕ್ಕೇ ಅಂಥದ್ದು ಯಾರಾದ್ರೂ ಹೇಳಿದ್ರೆ ನಾನು ಅಪ್ಪನ ಹೆಸರೋ ಗಂಡನ ಹೆಸರೋ ಹಾಕ್ತೇನೆ.”

ಸತ್ಯಭಾಮಕ್ಕನಿಗೆ ನಗಬೇಕೋ ಅವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ.

“ಜಯಶೀಲಾ, ನಮ್ಮ ಕರಾವಳಿ ಕಡೆ ಅಡ್ಡಹೆಸರು ಅಂದ್ರೆ ತಮಾಷೆಯ ಹೆಸರು. ಅವರ ಕಡೆ ಅಡ್ಡಹೆಸರು ಅಂದ್ರೆ ಮನೆತನದ ಹೆಸರು! ನಿನ್ನ ಫಾರಂನ ಆಡನಾವ ಅಂದ್ರೂ ಅದೇ. ಅಜ್ಜ ಮುತ್ತಜ್ಜನ ಕಾಲದಿಂದ ಬಂದದ್ದು. ಕಲ್ಯಾಣದಲ್ಲಿ ಒಬ್ಬ ಹವಾಲ್ದಾರ ಇದ್ದ. ಉಪ್ಪಿನ ಅಂತಲೇ ಅವನ ಬಿಲ್ಲೆ ಮೇಲೆ ಇತ್ತು. ಯಾರೂ ನಗಲಿಲ್ಲ.”

ಜಯಶೀಲ ಫಾರಂನ ಮೊದಲ ಮನೆಯನ್ನು ಮತ್ತೊಮ್ಮೆ ಓದಿದ.

“ಈ ಡಾಕ್ಟರಮ್ಮ ಒಳಗೆ ಕೇಳ್ತಾಳೆ, ಪೂರಾ ಹೆಸರು ಹೇಳಿ ಅಂತ. ಅವ ಯಂಕಣ್ಣ ಉಳ್ಳಾಗಡ್ಡಿ ಅಂತಾನೆ. ಅವಳು ಬರ್ಕೊಳ್ತಾಳೆ. ನೀನು ಮರ್ಯಾದೆ ಉಳಿಸಿ ಹೊರಗೆ ಅವನ ಅಪ್ಪನ ಹೆಸರು ಬರೆದಿರ್ತೀ. ಒಬ್ಬನೇ ಮನುಷ್ಯ, ಎರಡು ಹೆಸರು. ಏಳು, ಅಪ್ಪಂದಿರ ಹೆಸರಲ್ಲಿ ಹುಡುಕುವ.”

ಹುಡುಕುವುದು ಮಾತಿನಷ್ಟು ಸುಲಭವಿರಲಿಲ್ಲ. ಅಪ್ಪಂದಿರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೂವರೂ ಒಂದೊಂದು ಕಪಾಟು ಹಂಚಿಕೊಂಡರು. ಸಕ್ಕರೆ ಕಾಯಿಲೆಯ ಫೈಲಿಗೆ ಹಳದಿ ಪಟ್ಟಿ. ಹಳದಿ ಪಟ್ಟಿ ಕಂಡಲ್ಲಿ ತೆರೆಯುವುದು, ಊರು ನೋಡುವುದು, ಮುಂದಿನದು. ಸತ್ಯಭಾಮಕ್ಕನ ಬೆರಳು ಧೂಳಿನಿಂದ ಕಪ್ಪಾಯಿತು, ಮೊಣಕಾಲು ಹಿಡಿದುಕೊಂಡಿತು. ಅವರು ಸೆರಗು ಸಿಕ್ಕಿಸಿ ನೆಲದಲ್ಲೇ ಕೂತು ಕೆಳಗಿನ ಸಾಲಿಗೆ ಕೈ ಹಾಕಿದರು.

ಒಂದು ಗಂಟೆ ಹತ್ತು ನಿಮಿಷಕ್ಕೆ ಯಂಕಣ್ಣ ಸಿಕ್ಕ. ಅಂಬರನಾಥದವನು.

“ಮಿಲ್ ಗಯಾ!” ಅಕ್ಷಯಾ ಕೂಗಿದಳು. “ಆಂಟಿ, ಇವ್ರ ಹೆಬ್ಬೆರಳಲ್ಲಿ ಹುಣ್ಣಿತ್ತು. ಟೈಲ್ಸ್ ಚುಚ್ಚಿದ್ದು ಅವ್ರಿಗೇ ಗೊತ್ತಿರಲಿಲ್ಲ. ನಾನೇ ತೋರ್ಸಿದ್ದು.”

“ನೆನಪು ಆಮೇಲೆ. ಕಾಲಿನ ಹಾಳೆ ಉಂಟಾ ನೋಡು. ಉಂಟಾ? ಇಡು. ಮುಂದಿನದು.”

ಎರಡೂಮುಕ್ಕಾಲಕ್ಕೆ ಹದಿನಾಲ್ಕೂ ಮೇಜಿನ ಮೇಲಿದ್ದವು. ಕೋಪರಖೈರಣೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಐವರು, ಅಂಬರನಾಥದ ಕಾರ್ಖಾನೆಗಳಲ್ಲಿ ದುಡಿಯುವವರು ಎಂಟು ಮಂದಿ, ಮುಂಬ್ರಾದಿಂದ ಒಬ್ಬಳು. ಒಂದೊಂದನ್ನೂ ಪೂರಾ ಓದಲು ಹೊತ್ತಿರಲಿಲ್ಲ. ಪಾದ ನೋಡಿದ ಹಾಳೆ ಎಲ್ಲದರಲ್ಲೂ ಇದೆಯೆಂಬುದನ್ನಷ್ಟೇ ಖಾತ್ರಿ ಮಾಡಿಕೊಂಡರು.

ಅಕ್ಷಯಾ ಫೈಲುಗಳನ್ನು ಎದೆಗವಚಿಕೊಂಡು ಓಡಲು ಸಿದ್ಧಳಾದಳು.

“ನಿಲ್ಲು. ಕಾಗದಕ್ಕೆ ಅವರು ಇನ್ನೊಂದು ಕಾಗದ ಉತ್ತರ ಕೊಡ್ತಾರೆ. ನಡೆದುಕೊಂಡು ಬಂದ ಮನುಷ್ಯನಿಗೆ ಉತ್ತರ ಕೊಡ್ಲಿಕ್ಕೆ ಆಗುದಿಲ್ಲ. ಹತ್ತಿರದವರು ಯಾರು?”

“ಮುಂಬ್ರಾದ ಮರಗಮ್ಮ. ಬದನಿಕಾಯಿ.”

ರಟ್ಟಿನ ಮೇಲೆ ಗಂಡ ಶಂಕ್ರೆಪ್ಪನ ಮೊಬೈಲ್ ನಂಬರಿತ್ತು. ಸತ್ಯಭಾಮಕ್ಕ ಫೋನು ಮಾಡಿ ಎರಡೇ ಮಾತು ಹೇಳಿದರು, ಮೂರು ಸಲ ಕೈ ಮುಗಿದೆ ಅಂದರು.  ಆ ಕಡೆಯಿಂದ, ಅವಳನ್ನು ಮೂರೂ ಹತ್ತರ ಲೋಕಲ್ಲಿಗೆ ಹತ್ತಿಸುತ್ತೇನೆ ಎಂಬ ಉತ್ತರ.

*

ದೊಡ್ಡ ಡಾಕ್ಟರ್ ಪುಂಡರೀಕಾಕ್ಷರ ಕ್ಯಾಬಿನ್ನಿನಲ್ಲಿ ಎಲ್ಲವೂ ನೇರ ಗೆರೆಯಲ್ಲಿತ್ತು. ಪೆನ್ನು, ಪುಸ್ತಕ, ಸ್ಟೆತಾಸ್ಕೋಪು, ಅವರ ಬೈತಲೆ. ಮೈಸೂರಿನಿಂದ ಮೂವತ್ತೈದು ವರ್ಷದ ಹಿಂದೆ ಬಂದವರು. ಈ ತರಬೇತಿಯನ್ನು ಕಟ್ಟಿದವರೇ ಅವರು.

“ಕೂತ್ಕೊಳ್ಳೀಮ್ಮ. ಈ ಹುಡುಗಿಗೆ ಎರಡು ದಿನ ಕೊಟ್ಟಿದ್ದೆ. ಏನು ಸಿಕ್ತು? ಬೆಳ್ಳುಳ್ಳಿ, ಶುಂಠಿ?”

“ಹದಿನಾಲ್ಕು ಜನ ಸಿಕ್ಕಿದ್ರು ಸರ್.”

ಸತ್ಯಭಾಮಕ್ಕ ಫೈಲುಗಳನ್ನು ಮೇಜಿನ ಮೇಲೆ ಇಟ್ಟರು. ನೇರ ಗೆರೆ ಕೆಟ್ಟಿತು. ಅಡ್ಡಹೆಸರಿನ ಕಥೆಯನ್ನು ನಾಲ್ಕೇ ವಾಕ್ಯದಲ್ಲಿ ಹೇಳಿದರು. ಪುಂಡರೀಕಾಕ್ಷರು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಒಂದೊಂದೇ ಫೈಲು ತೆರೆದು ಪಟ್ಟಿಗೆ ಹೋಲಿಸಿ ಟಿಕ್ ಹಾಕತೊಡಗಿದರು. ಐದನೆಯದಕ್ಕೆ ಪೆನ್ನು ಕೆಳಗಿಟ್ಟರು.

“ಅಂದ್ರೆ ಕಮಿಟಿ ಮುಂದೆ ನಕ್ಕವನು ನಾನು, ತಪ್ಪು ಮಾಡಿದವನೂ ನಾನು. ಹಾಗೇ ತಾನೆ ನೀವು ಹೇಳೋದು?”

“ನಾನು ಹಾಗೆ ಹೇಳಲಿಲ್ಲ ಸರ್. ನೀವು ಕನ್ನಡ ಬಲ್ಲವರು ಅಂತ ಕಮಿಟಿಯವರು ನಂಬಿದ್ರು. ಅಷ್ಟೇ.”

“ಚೆನ್ನಾಗಿ ಚುಚ್ತೀರಿ.” ಅವರ ತುಟಿಯಂಚಿನಲ್ಲಿ ಏನೋ ಸಡಿಲಾಯಿತು. ಮತ್ತೆ ಬಿಗಿಯಾಯಿತು. “ಆದ್ರೆ ನೋಡೀಮ್ಮ, ಫೈಲ್ ಇದೆ ಅಂದ ಮಾತ್ರಕ್ಕೆ ಪಾದ ನೋಡಿದ್ದಾಳೆ ಅಂತಲ್ಲ. ಕೂತಲ್ಲೇ ಹಾಳೆ ತುಂಬೋರನ್ನ ನಾನು ಬೇಕಾದಷ್ಟು ನೋಡಿದೀನಿ. ಪರೀಕ್ಷೆ ಪಾಸಾಗೋ ಡಾಕ್ಟ್ರು ಬೇರೆ, ಬಗ್ಗಿ ಕಾಲು ಮುಟ್ಟೋ ಡಾಕ್ಟ್ರು ಬೇರೆ. ನಂಗೆ ಎರಡನೇವರು ಬೇಕು.”

“ಸರ್, ನಾನು ಎಲ್ಲರ ಪಾದಾನೂ—” ಅಕ್ಷಯಾ ಬಾಯಿ ತೆರೆದಳು.

“ನೀನು ಸುಮ್ನಿರಮ್ಮ. ಕೇಳ್ತಿರೋದು ಇವರನ್ನ.”

“ಕೇಳಿ ಸರ್,” ಸತ್ಯಭಾಮಕ್ಕ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. “ಯಾವ ಫೈಲು ಬೇಕಾದ್ರೂ ತೆಗೀರಿ. ಹಾಳೆ ನೋಡದೆ ಈ ಹುಡುಗಿ ಹೇಳ್ಲಿ.”

ಅವರು ಕೈಗೆ ಸಿಕ್ಕಿದ್ದನ್ನು ಎಳೆದರು. “ಯಂಕಣ್ಣ.”

“ಬಲ ಹೆಬ್ಬೆರಳ ಕೆಳಗೆ ಹುಣ್ಣು ಸರ್. ಟೈಲ್ಸ್ ಚೂರು. ಎರಡು ತಿಂಗಳು ಡ್ರೆಸಿಂಗ್. ವಾಸಿಯಾಯ್ತು.”

ಹಾಳೆಯಲ್ಲಿ ಅದೇ ಇತ್ತು. ಮತ್ತೊಂದು ಎಳೆದರು. ಅದರಲ್ಲೂ ಅದೇ. ಮೂರನೆಯದರ ರಟ್ಟನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದಾಗಿಸಿದರು.

“ಮರಗಮ್ಮ.”

ಅಕ್ಷಯಾಳ ಮುಖ ಅರಳಿತು. “ಎರಡೂ ಪಾದ ನಾರ್ಮಲ್ ಸರ್. ಜೋಮು ಪರೀಕ್ಷೆಗೆ ನೈಲಾನ್ ದಾರ ಮುಟ್ಟಿಸಿದ್ರೆ ಕಚಗುಳಿ ಅಂತ ಕಾಲು ಎಳ್ಕೊಂಡು ನಗ್ತಿದ್ರು. ಎರಡೂ ಕಾಲಲ್ಲಿ ದಪ್ಪ ದಪ್ಪ ಕಾಲುಂಗುರ. ಅದನ್ನ ತೆಗ್ಸೋಕೆ ನಾನು ಸೋಪು ನೀರು ತರಿಸ್ಬೇಕಾಯ್ತು.”

ಪುಂಡರೀಕಾಕ್ಷರು ಹಾಳೆ ಓದಿದರು. ಎಡ ಪಾದ ಸರಿ. ಬಲ ಪಾದ ಸರಿ. ನಾಡಿ ಎರಡರಲ್ಲೂ ಇದೆ. ಕೆಳಗೆ ಅಕ್ಷಯಾಳ ಸಹಿ.

ಅವರು ತಲೆಯೆತ್ತಿ ಅವಳನ್ನು ನೋಡಿದರು. ಆ ನೋಟದಲ್ಲಿ ಮೊದಲ ಬಾರಿಗೆ ಮೇಷ್ಟರೊಬ್ಬರು ಕಾಣಿಸಿದರು.

“ಅಕ್ಷಯಾ, ಕಮಿಟಿ ಮುಂದೆ ನಾನೇ ಹೇಳ್ತೀನಿ. ನನ್ನಿಂದ—”

ಹೊರಗೆ ಟಕ್, ಟಕ್ ಎಂಬ ಸದ್ದು. ಕಟ್ಟಿಗೆ ನೆಲಕ್ಕೆ ಬಡಿಯುವ ಸದ್ದು. ಜಯಶೀಲ ಬಾಗಿಲು ತಳ್ಳಿ ಹಿಡಿದ. 

“ಅಕ್ಕ, ಮುಂಬ್ರಾದವರು ಬಂದ್ರು.”

ಐವತ್ತರ ಹೆಂಗಸು. ಇಳಕಲ್ ಸೀರೆ, ಹಣೆತುಂಬ ಕುಂಕುಮ, ಎಡ ಕಂಕುಳಲ್ಲಿ ಊರುಗೋಲು. ಎಡಗಡೆ ಸೀರೆಯ ಅಂಚು ಗಾಳಿಗೆ ಅಲ್ಲಾಡುತ್ತಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

“ನಾ ಬದನಿಕಾಯಿ ಮರಗಮ್ಮರಿ. ಯಾರೋ ಯಕ್ಕಾರು ಫೋನ್ ಹಚ್ಚಿದ್ರಂತ. ಯಾರ್ರೀ ಅದು?”

 ಸತ್ಯಭಾಮಕ್ಕನೇ ಮೊದಲು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

“ಕೂತ್ಕೊಳ್ಳಮ್ಮ. ನಾನೇ ಫೋನ್ ಮಾಡಿದ್ದು. ಈ ಕಾಲು... ಯಾವಾಗ?”

“ನಾಕ್ ವರ್ಸ ಆತ್ರಿ. ಮುಂಬೈದಾಗ ಸರ್ಕಾರಿ ದವಾಖಾನ್ಯಾಗ ಕಡದ್ರು. ಅವತ್ತಿನಿಂದ ಈ ದವಾಖಾನಿಗಿ ನಾ ಕಾಲ ಇಟ್ಟಿಲ್ರಿ.” ಮರಗಮ್ಮ ತನ್ನ ಮಾತಿಗೆ ತಾನೇ ಒಣ ನಗೆ ನಕ್ಕಳು. “ಇಡಾಕ ಒಂದೇ ಅದ ಬಿಡ್ರಿ.”

ಪುಂಡರೀಕಾಕ್ಷರು ಫೈಲಿನ ಹಾಳೆಯನ್ನು ಅಕ್ಷಯಾಳ ಕಡೆ ತಿರುಗಿಸಿದರು. ಎಡ ಪಾದ ಸರಿ ಎಂಬಲ್ಲಿ ಅವರ ಬೆರಳಿತ್ತು.  

“ಯೇ ವೋ ನಹೀ ಹೈ!” ಅಕ್ಷಯಾ ಗೋಡೆಗೆ ಒರಗಿದಳು. “ಸರ್, ಇವರಲ್ಲ. ನಾನು ನೋಡಿದ ಮರಗಮ್ಮ ಬೇರೆ. ಪ್ರತಿ ತಿಂಗಳೂ ಬರ್ತಾರೆ, ಕಾರ್ಡ್ ತೋರಿಸ್ತಾರೆ. ಅವ್ರಿಗೆ ಎರಡೂ ಕಾಲಿದೆ. ಆಂಟಿ, ನಾನು ಮುಟ್ಟಿ ನೋಡಿದ್ದೀನಿ!”

ಸತ್ಯಭಾಮಕ್ಕ ಅವಳ ಮುಖ ನೋಡಿದರು. ಇಪ್ಪತ್ತೊಂಬತ್ತು ವರ್ಷ ಕೌಂಟರಿನ ಈ ಬದಿಯಲ್ಲಿ ಕೂತು ಸಾವಿರಾರು ಸುಳ್ಳುಗಳನ್ನು ಕೇಳಿದವರು ಅವರು. ಸುಳ್ಳು ಹೇಳುವವರು ಸೋಪು ನೀರಿನ ಮಾತು ಆಡುವುದಿಲ್ಲ.

ಅವರು ಮರಗಮ್ಮನ ಪಕ್ಕ ಬಗ್ಗಿ ಮೆಲ್ಲಗೆ ಕೇಳಿದರು. “ಅಮ್ಮಾ, ಇಲ್ಲಿಯ ಕಾರ್ಡು ನಿಮ್ಮ ಹತ್ರ ಉಂಟಾ?”

“ಎಲ್ಲಿದ್ರಿ? ಆವತ್ತೇ ಇಸಕೊಂಡ್ರಲ್ಲ.”

“ಯಾರು?”

ಮರಗಮ್ಮ ಊರುಗೋಲನ್ನು ಮೇಜಿಗೆ ಒರಗಿಸಿ, ಸೆರಗಿನಿಂದ ಬೆವರೊರೆಸಿಕೊಂಡು, ಎದುರಿಗಿದ್ದವರನ್ನು ಸಾವಕಾಶವಾಗಿ ದಿಟ್ಟಿಸಿದಳು.

“ಈ ಸಾಹೇಬ್ರೇ ಅಲ್ರೀ! ಕೂದ್ಲ ಬೆಳ್ಳಗಾಗ್ಯಾವ, ಖರೆ ಇವ್ರೇ. ಯಪ್ಪಾ, ಕಾಲಿನ ಬಟ್ಟಿನ್ಯಾಗ ನೀರ ಸೋರ್ತದ, ಒಂದೀಟ ಕಾಲ ನೋಡ್ರಿ ಅಂದೆ. ಮೂರ ಸಲ ಬಂದೆ, ಮೂರ ಸಲಾನೂ ಅಂದೆ. ನೀವು ಗುಳಗಿ ಬರದ್ರಿ, ಚಪ್ಲಿ ಬಿಚ್ಚು ಅನ್ಲಿಲ್ಲ. ಕಡೀಸಲ ಬಂದಾಗ ಹುಳ ಬಿದ್ದಿತ್ತು. ಆವಾಗ ನೋಡಿದ್ರಿ. ಮುಂಬೈಗಿ ಹೋಗು, ಕಾರ್ಡ್ ಇಲ್ಲೇ ಇರ್ಲಿ ಅಂತ ನಿಮ್ ಕೈಲೇ ಇಸಕೊಂಡ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹವೆಯ ಬಗ್ಗೆ ಮಾತಾಡುವ ಹಾಗೆ ಹೇಳಿದಳು.

“ನಾನು ಇವರನ್ನ ನೋಡೇ ಇಲ್ಲ,” ಎಂದರು ಪುಂಡರೀಕಾಕ್ಷರು. ಆದರೆ ಅದನ್ನು ಹೇಳಲು ಅವರಿಗೆ ತುಸು ಹೆಚ್ಚೇ ಹೊತ್ತು ಹಿಡಿಯಿತು.

ಸತ್ಯಭಾಮಕ್ಕ ಫೈಲನ್ನು ತಮ್ಮ ಕಡೆಗೆ ಎಳೆದುಕೊಂಡು ಮೊದಲಿನಿಂದ ತಿರುವಿದರು. ರಟ್ಟಿನ ಮೇಲೆ ೨೦೦೮, ನಾಲ್ಕು ವರ್ಷದ ಹಿಂದಿನದು. ಒಳಗಿನ ಮೊದಲ ಹಾಳೆಯೇ ೨೦೧೦. ನಡುವಿನ ದಾರದಲ್ಲಿ ಮೂರು ಹಾಳೆಗಳ ಹರಿದ ಬುಡಗಳು ಮಾತ್ರ ಉಳಿದಿದ್ದವು. ಹರಿದವರು ಅವಸರದಲ್ಲಿ ಹರಿದಿರಲಿಲ್ಲ. ಸ್ಕೇಲಿಟ್ಟು, ನೇರ ಗೆರೆಯಲ್ಲಿ ಹರಿದಿದ್ದರು. ಇಲ್ಲೇ ಉಳಿದ ಕಾರ್ಡು ಆಮೇಲೆ ಎರಡು ಕಾಲಿರುವ ಇನ್ನೊಬ್ಬಳ ಕೈ ಸೇರಿತ್ತು.

ಬಾಗಿಲ ಮೇಲೆ ಎರಡು ಬಾರಿ ತಟ್ಟಿದ ಸದ್ದು. “ಸರ್, ಕಮಿಟಿ ಆಲೀ ಆಹೇ.” ಕಮಿಟಿಯವರು ಬಂದಿದ್ದರು.

“ಆ ಫೈಲ್ ಇಲ್ಲಿ ಕೊಡೀಮ್ಮ.” ಪುಂಡರೀಕಾಕ್ಷರು ಕೈ ಚಾಚಿದರು.  “ಅದು ಆಸ್ಪತ್ರೆಯ ಸ್ವತ್ತು.”

ಅಕ್ಷಯಾಳ ಸಹಿಯಿದ್ದ, ಈಗ ಸುಳ್ಳೆಂದೇ ಕಾಣುವ ಹಾಳೆ ಅದರಲ್ಲೇ ಇತ್ತು. ಅವಳನ್ನು ಉಳಿಸಬಹುದಾಗಿದ್ದ ಹರಿದ ಬುಡಗಳೂ ಅದರಲ್ಲೇ ಇದ್ದವು. ಕಮಿಟಿಗೆ ಕೊಟ್ಟರೆ ಮೊದಲು ಕಾಣುವುದು ಆ ಸಹಿಯೇ ಎಂದು ಸತ್ಯಭಾಮಕ್ಕನಿಗೆ ಗೊತ್ತಿತ್ತು.

ಅವರು ಫೈಲನ್ನು ಸೆರಗಿನೊಳಗೆ ಸೇರಿಸಿ, ಕಾಗದಕ್ಕಿಂತ ಮೊದಲು ಮನುಷ್ಯಳೇ ಮಾತಾಡಲಿ ಎಂದು ಮರಗಮ್ಮನ ತೋಳು ಹಿಡಿದು ಎಬ್ಬಿಸಿ, ತಾವೇ ಹೋಗಿ ಕಮಿಟಿಯವರಿಗೆ ಬಾಗಿಲು ತೆರೆದರು.